ನಮ್ಮ ಡೇರಿಯ ಹುಡುಗ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸನ್ 2000 ದಲ್ಲಿ ಹುಟ್ಟಿದ ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಸಂಘ ಹುಟ್ಟಿದ ಕಥೆಯನ್ನು ಅಧ್ಯಕ್ಷರು ಹೇಳಿದರು. ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಓದಿದರು. ನಮ್ಮ ಪಾಲಿಗೆ ಬಂದದ್ದು ಒಬ್ಬ ಹುಡುಗನ ನೆನಪು ಹೇಳುವ ಕೆಲಸ. ನಾವು ಕಲಿತದ್ದು ಎಸ್.ಎಸ್.ಎಲ್.ಸಿ. ಮಾತ್ರ, ಮೈಕಿನ ಮುಂದೆ ನಿಂತು ರೂಢಿ ಇಲ್ಲ. ನಡುವೆ ಮಾತು ನಿಂತೀತು ಎಂದು ಹೆದರಿ ಹಾಳೆಯ ಮೇಲೆ ಬರೆದುಕೊಂಡು ಬಂದೇವಿ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಆ ಹುಡುಗ ಯಾರು ಎಂದು ತಮಗೆಲ್ಲ ಗೊತ್ತು. ಹದಿಮೂರು ವರ್ಷ ಈ ಡೇರಿಯಲ್ಲಿ ನಿಮ್ಮ ಹಾಲು ಅಳೆದವನು, ಫ್ಯಾಟ್ ನೋಡಿದವನು. 2021 ರ ಮೇ ತಿಂಗಳಲ್ಲಿ, ಮೂವತ್ತನಾಲ್ಕನೆ ವಯಸ್ಸಿನಲ್ಲಿ ತೀರಿಕೊಂಡ. ಅವನ ಹೆಸರನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿಲ್ಲ. ಹಾಕೋಣ ಎಂದು ಅವನ ತಾಯಿಯನ್ನು ಕೇಳಲು ಹೋಗಿದ್ದೆವು. "ಪುಸ್ತಕದಾಗ ಬ್ಯಾಡ್ರಿ ಅಣ್ಣಾರ. ಊರಾಗ ನೀವು ಬಾಯ್ತುಂಬ ಕರದ್ರ ಸಾಕು" ಅಂದರು. ಅವರ ಮಾತು ಮೀರುವುದು ಬೇಡ ಎಂದು ಬಿಟ್ಟಿದ್ದೇವೆ. ಅವರು ಇಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮುಂದೆ ಬರ್ರಿ ಅಂದರೆ ಬರಲಿಲ್ಲ.

ನಮ್ಮೂರಲ್ಲಿ ಕ್ರೈಸ್ತರ ಮನೆ ನಾಲ್ಕೇ ನಾಲ್ಕು. ಅವನ ಅಜ್ಜ ಮಿರಜದ ಮಿಷನ್ ದವಾಖಾನೆಯಲ್ಲಿ ವಾರ್ಡ್ ಬಾಯ್ ಆಗಿ ಬಹಳ ವರ್ಷ ದುಡಿದು, ಮುಪ್ಪಿನಲ್ಲಿ ಊರಿಗೆ ಬಂದು ಒಂದು ಎಕರೆ ಹೊಲ ಹಿಡಿದವರು. ಈ ಹುಡುಗನ ಕಥೆ ಹೇಳಬೇಕಾದರೆ ಆ ದವಾಖಾನೆಯ ಮಾತು ಸ್ವಲ್ಪ ಹೇಳಲೇಬೇಕಾಗುತ್ತದೆ. ಇಲ್ಲದಿದ್ದರೆ ಅವನಿಗೆ ಆ ಗುಣ ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ.

ಕಾಗವಾಡ, ಅಥಣಿ, ರಾಯಬಾಗ ಈ ಕಡೆಯ ಜನಕ್ಕೆ ಬೆಳಗಾವಿ ನೂರು ಕಿಲೋಮೀಟರಿನ ಮಾತು. ಮಿರಜ ಹಿತ್ತಲ ಬಾಗಿಲು ಇದ್ದ ಹಾಗೆ. ಗಡಿ ಆ ಕಡೆ ಇರಲಿ ಈ ಕಡೆ ಇರಲಿ, ಹೊಟ್ಟೆನೋವು ಬಂದವ ನಕಾಶೆ ನೋಡುವುದಿಲ್ಲ. ನಮ್ಮ ಅಜ್ಜ-ಅಜ್ಜಿಯರು ಅದನ್ನು 'ವಾನ್ಲೆಸ್ ಸಾಹೇಬನ ದವಾಖಾನಿ' ಅಂತಿದ್ದರು. ಈ ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು 1865 ರಲ್ಲಿ, ಕೆನಡಾ ದೇಶದಲ್ಲಿ. ಡಾಕ್ಟರಕಿ ಕಲಿತು ಅಮೇರಿಕದ ಮಿಷನ್ ವತಿಯಿಂದ 1889 ರಲ್ಲಿ ಹಿಂದುಸ್ತಾನಕ್ಕೆ ಬಂದಾಗ ಅವರಿಗೆ ಬರೀ 24 ವರ್ಷ. ನಮ್ಮಲ್ಲಿ ಆ ವಯಸ್ಸಿನ ಹುಡುಗರಿಗೆ ಹೊಲದ ಕೀಲಿ ಸಹ ಕೊಡುವುದಿಲ್ಲ. ಮೊದಲು ಸಾಂಗಲಿಯಲ್ಲಿ ಸಣ್ಣ ಔಷಧಾಲಯ ನಡೆಸಿ, 1894 ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಮುಂದೆ ಅಲ್ಲೇ ನಮ್ಮ ದೇಶದ ಹುಡುಗರಿಗೆ ವೈದ್ಯ ಕಲಿಸುವ ಶಾಲೆ ನಡೆಸಿದರು. ಮಹಾರೋಗ ಆದವರನ್ನು ಮನೆಯವರೇ ಊರ ಹೊರಗೆ ಇಡುತ್ತಿದ್ದ ಕಾಲದಲ್ಲಿ ಅವರಿಗಾಗಿ ಬೇರೆ ಆಸ್ಪತ್ರೆ ಮಾಡಿದರು. ಮಿರಜ-ಸಾಂಗಲಿ ನಡುವೆ ಕ್ಷಯರೋಗದವರಿಗಾಗಿ ಕಟ್ಟಿದ ಜಾಗ ಅವರ ಹೆಸರಿನಿಂದಲೇ ವಾನ್ಲೆಸ್‌ವಾಡಿ ಆಯಿತು. 1928 ರಲ್ಲಿ ಸರಕಾರ 'ಸರ್' ಪದವಿ ಕೊಟ್ಟಿತು. 39 ವರ್ಷ ಈ ನೆಲದಲ್ಲಿ ದುಡಿದು ಅದೇ ವರ್ಷ ನಿವೃತ್ತರಾಗಿ ಹೋದರು. 1933 ರಲ್ಲಿ ಅಮೇರಿಕದಲ್ಲಿ ತೀರಿಕೊಂಡರು. ಆ ಆಸ್ಪತ್ರೆ ಈಚಿನ ವರ್ಷಗಳಲ್ಲಿ ಹಣದ ಅಡಚಣೆಗೆ ಸಿಕ್ಕು ತಾನೇ ರೋಗಿಯ ಹಾಗೆ ಆಯಿತು. ಈಗ ನಮ್ಮ ಜನ ಮಿರಜಕ್ಕೆ ಹೋಗುವುದು ಹೆಚ್ಚಾಗಿ ಬೇರೆ ಬೇರೆ ದವಾಖಾನೆಗಳಿಗೆ.

ಹುಡುಗನ ಅಜ್ಜ ಆ ಸಾಹೇಬರನ್ನು ಕಂಡವರಲ್ಲ, ಅಷ್ಟು ಹಿಂದಿನವರಲ್ಲ. ಆದರೆ ಆ ವಾರ್ಡಿನ ರೀತಿ-ರಿವಾಜು ಕಲಿತವರು. ರೋಗಿ ಬಂದರೆ ಮೊದಲು ನೀರು ಕೊಡಬೇಕು, ಆಮೇಲೆ ಹೆಸರು ಕೇಳಬೇಕು ಎಂದು ಮೊಮ್ಮಗನಿಗೆ ಹೇಳುತ್ತಿದ್ದರಂತೆ. ಇದನ್ನು ಹುಡುಗನೇ ನಮಗೆ ಹೇಳಿದ್ದ.

2008 ರಲ್ಲಿ ಡೇರಿಗೆ ಹಾಲು ಪರೀಕ್ಷೆ ಮಾಡುವವನು ಬೇಕಾದಾಗ ಪಿ.ಯು.ಸಿ. ಓದಿ ಮನೆಯಲ್ಲಿದ್ದ ಈ ಹುಡುಗ ಅರ್ಜಿ ಹಾಕಿದ. ಒಕ್ಕೂಟದ ತರಬೇತಿಯನ್ನೂ ಮುಗಿಸಿದ. ಆಗ ನಾವು ನಿರ್ದೇಶಕರಾಗಿರಲಿಲ್ಲ, ಸಾಮಾನ್ಯ ಶೇರುದಾರರು. ಅವನನ್ನು ನೇಮಿಸಿದ ಸುದ್ದಿ ತಿಳಿದದ್ದೇ ತಡ, ಊರಲ್ಲಿ ಗುಸುಗುಸು ಸುರು ಆಯಿತು. ಇದನ್ನು ಇಂದು ಹೇಳಲೋ ಬೇಡವೋ ಎಂದು ಎರಡು ರಾತ್ರಿ ವಿಚಾರ ಮಾಡಿದೆವು. ಹೇಳುತ್ತೇವೆ. "ಅವರ ಕೈ ಮುಟ್ಟಿದ ಹಾಲು ದೇವರ ಅಭಿಷೇಕಕ್ಕ ಹೆಂಗ ನಡೀತದ?" ಅಂದವರು ಇದ್ದರು. ಎಂಟು-ಹತ್ತು ಮನೆಯವರು ಹಾಲು ಹಾಕುವುದನ್ನು ಬಿಟ್ಟು, ಹೆದ್ದಾರಿಗೆ ಬರುವ ಖಾಸಗಿ ಗಾಡಿಗೆ ಕೊಡತೊಡಗಿದರು. ನಮ್ಮ ಮನೆ ಬಿಡಲಿಲ್ಲ. ಆದರೆ ಬಿಟ್ಟವರಿಗೆ ನಾವು ಒಂದು ಮಾತೂ ಅನ್ನಲಿಲ್ಲ. ಅದೂ ಲೆಕ್ಕಕ್ಕೆ ಬರಬೇಕು.

ಆಗಿನ ಅಧ್ಯಕ್ಷರು, ದಿವಂಗತ ಹಿರಿಯರು, ಅಕ್ಷರ ಅಷ್ಟಕ್ಕಷ್ಟೇ ಬಲ್ಲವರು. ಮಹಾಸಭೆಯಲ್ಲಿ ಈ ಮಾತು ಎದ್ದಾಗ ರುಮಾಲು ತೆಗೆದು ಮೇಜಿನ ಮೇಲೆ ಇಟ್ಟು ಕೇಳಿದರು: "ಈ ದೇಶಕ್ಕ ಡೇರಿ ಕಲಿಸಿದಾಂವ ಯಾರ ಮನ್ಯಾಗ ಹುಟ್ಟ್ಯಾನ, ಗೊತ್ತೈತೇನ್ರಿ ನಿಮಗ?" ಯಾರಿಗೂ ಗೊತ್ತಿರಲಿಲ್ಲ. ಒಕ್ಕೂಟದ ಸಭೆಯಲ್ಲಿ ಅವರು ಕೇಳಿ ಬಂದಿದ್ದರು. ಡಾ. ವರ್ಗೀಸ್ ಕುರಿಯನ್ ಅವರು 1921 ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. 1949 ರಲ್ಲಿ, 27 ರ ಹರೆಯದಲ್ಲಿ, ಸರಕಾರಿ ಚಾಕರಿಯ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಗುಜರಾತದ ಆಣಂದಕ್ಕೆ ಬಂದು, ಅಲ್ಲಿಯ ರೈತರ ಸಂಘದ ಕೆಲಸಕ್ಕೆ ನಿಂತುಬಿಟ್ಟರು. 1970 ರಲ್ಲಿ ಸುರುವಾದ ಕ್ಷೀರ ಕ್ರಾಂತಿ ಅವರ ಮುಂದಾಳುತನದ್ದು. ನಮ್ಮ ಇಂಥ ಹಳ್ಳಿ ಸಂಘಗಳೆಲ್ಲ ಅದೇ ಮಾದರಿಯವು. (ಕುರಿಯನ್ನರು ಸ್ವತಃ ದೇವರು-ದಿಂಡರನ್ನು ನಂಬಿದವರಲ್ಲ ಎಂದು ನಾವು ಆಮೇಲೆ ಓದಿದೆವು. ಅಧ್ಯಕ್ಷರಿಗೆ ಅದು ಗೊತ್ತಿತ್ತೋ ಇಲ್ಲವೋ!) "ಅವರು ಕಲಿಸಿದ ಡೇರಿ ಬೇಕು, ಈ ಹುಡುಗ ಬ್ಯಾಡೇನು?" ಅಂದು ರುಮಾಲು ಸುತ್ತಿಕೊಂಡರು. ಸಭೆ ಮುಂದೆ ನಡೆಯಿತು.

ಆದರೆ ಬಿಟ್ಟು ಹೋದವರನ್ನು ತಿರುಗಿ ಕರೆತಂದದ್ದು ಆ ಭಾಷಣ ಅಲ್ಲ, ಖರೆ ಹೇಳಬೇಕೆಂದರೆ. ಖಾಸಗಿ ಗಾಡಿಯವನು ಇಂದು ಒಂದು ದರ, ನಾಳೆ ಒಂದು ದರ ಮಾಡತೊಡಗಿದ. ಇತ್ತ ಈ ಹುಡುಗನ ಚೀಟಿಯಲ್ಲಿ ಹಾಲು ಎಷ್ಟೋ ಅಷ್ಟು, ಫ್ಯಾಟ್ ಎಷ್ಟೋ ಅಷ್ಟು. ಮೊದಲು ಹೆಣ್ಣುಮಕ್ಕಳು ತಿರುಗಿ ಬಂದರು. ಆರು ತಿಂಗಳಲ್ಲಿ ಗಂಡಸರೂ ಬಂದರು. ಯಾಕೆ ಹೋದಿರಿ ಎಂದು ಅವನು ಯಾರನ್ನೂ ಕೇಳಲಿಲ್ಲ, ಯಾಕೆ ಬಂದೆವು ಎಂದು ಯಾರೂ ಹೇಳಲೂ ಇಲ್ಲ.

ಇನ್ನು ನಮ್ಮ ಸ್ವಂತದ ಮಾತು. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೂ ನಮ್ಮ ಬಾಯಿಂದ ಬರಬೇಕು.

ನಾವು ಮೊದಲ ಸಲ ನಿರ್ದೇಶಕರಾಗಿ ಆರಿಸಿ ಬಂದ ವರ್ಷ. ಬ್ಯಾಸಗಿ. ಮನೆಯಲ್ಲಿ ಮೂರು ಎಮ್ಮೆ ಹಿಂಡುತ್ತಿದ್ದವು. ಅಂದು ಮುಂಜಾನೆ ನಾವೇ ಗಾಡಿಯ ಮೇಲೆ ಹಾಲು ಒಯ್ದಿದ್ದೆವು. ಸರದಿಯಲ್ಲಿ ಮೂವತ್ತು ಮಂದಿ. ನಿರ್ದೇಶಕರು ಎಂದು ಜನ ದಾರಿ ಬಿಟ್ಟರು, ನಾವೂ ಮುಂದೆ ಹೋದೆವು. ಅವನು ಲ್ಯಾಕ್ಟೋಮೀಟರ್ ಬಿಟ್ಟು ನೋಡಿದ. ಇನ್ನೊಮ್ಮೆ ಕಲಕಿ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ಅಣ್ಣಾರ, ಇವತ್ತಿಂದು ವಾಪಸ್ ಒಯ್ಯಿರಿ" ಅಂದ.

ನಮಗೆ ನೆತ್ತಿಗೆ ಏರಿತು. "ಇದು ಯಾರ ಮನಿ ಹಾಲು ಗೊತ್ತೈತೇನು?" ಎಂದು ಕೂಗಿದೆವು.

"ಹಾಲಿಗೆ ಗೊತ್ತಿಲ್ರಿ ಅಣ್ಣಾರ" ಅಂದ.

ಹಿಂದಿನಿಂದ ಯಾರೋ ನಕ್ಕರು. ಆ ನಗು ಇಂದಿಗೂ ಕಿವಿಯಲ್ಲಿದೆ. ನಾವು ಬಿಡಲಿಲ್ಲ, ಫ್ಯಾಟ್ ತೆಗೆದು ತೋರಿಸು ಎಂದೆವು. ಅವನು ನಮ್ಮ ಎದುರಿಗೇ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ ಹಾಕಿದ, ಅದರ ಮೇಲೆ 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ, ಬಟ್ಟೆಯಲ್ಲಿ ಹಿಡಿದು ಅಲುಗಾಡಿಸಿದ. ಆಮ್ಲ ಸೇರಿದ ಕೂಡಲೆ ಕೊಳವೆ ಕಾದ ಕಬ್ಬಿಣದಂತೆ ಬಿಸಿಯಾಗುತ್ತದೆ. ಅವನ ಬೆರಳುಗಳಲ್ಲಿ ಸುಟ್ಟ ಕಲೆ ಇದ್ದದ್ದನ್ನು ನಾವು ಅಂದೇ ಮೊದಲು ನೋಡಿದ್ದು. ಯಂತ್ರದಲ್ಲಿಟ್ಟು ತಿರುವಿ ತೆಗೆದು ಬೆಳಕಿಗೆ ಹಿಡಿದ. ಬೆಣ್ಣೆಯ ಗೆರೆ ನಾವೇ ಓದಿದೆವು. ಓದಿ ಸುಮ್ಮನಾದೆವು.

ಗೊತ್ತಿಲ್ಲದ ಹೊಸ ಸದಸ್ಯರಿಗಾಗಿ ಹೇಳುತ್ತೇವೆ. ಹಾಲಿಗೆ ನೀರು ಹಾಕಿದರೆ ಲ್ಯಾಕ್ಟೋಮೀಟರ್ ಕೆಳಗೆ ಇಳಿಯುತ್ತದೆ. ಕೆನೆ ತೆಗೆದರೆ ಮೇಲೆ ಏರುತ್ತದೆ. ಶಾಣ್ಯಾ ಮಂದಿ ಎರಡನ್ನೂ ಮಾಡುತ್ತಾರೆ, ಆಗ ಡಿಗ್ರಿ ಸರಿಯಾಗಿಯೇ ನಿಲ್ಲುತ್ತದೆ. ಅಂಥವರು ಫ್ಯಾಟಿನಲ್ಲಿ ಸಿಗುತ್ತಾರೆ. ಅದಕ್ಕೇ ಎರಡೂ ಪರೀಕ್ಷೆ ಬೇಕು. ಅವನು ಎರಡನ್ನೂ ಎಂದೂ ತಪ್ಪಿಸುತ್ತಿರಲಿಲ್ಲ. ಯಂತ್ರ ಬಂದ ಮೇಲೂ ಸಂಶಯ ಬಂದರೆ ಹಳೆಯ ಕೊಳವೆ ತೆಗೆಯುತ್ತಿದ್ದ.

ಮನೆಗೆ ಬಂದು ವಿಚಾರಿಸಿದಾಗ ಸಂಗತಿ ಹೊರಬಿತ್ತು. ನಮ್ಮ ದನ ನೋಡುವ ಆಳು ದಿನಾ ಎರಡು ಲೀಟರ್ ಹಾಲನ್ನು ಚಹಾದ ಅಂಗಡಿಗೆ ಮಾರಿ, ಅಷ್ಟೇ ನೀರು ಸುರಿಯುತ್ತಿದ್ದ. ತಪ್ಪು ನಮ್ಮ ಮನೆಯದೇ ಎಂದು ಗೊತ್ತಾಯಿತು. ಅಷ್ಟಕ್ಕೆ ಬುದ್ಧಿ ಬಂತೇ? ಬರಲಿಲ್ಲ. ಮೂವತ್ತು ಮಂದಿಯ ಮುಂದೆ ಆದ ಅಪಮಾನ ದೊಡ್ಡದಾಗಿ ಕಂಡಿತು. ಮುಂದಿನ ಸಭೆಗೆ 'ಪರೀಕ್ಷಕನು ಸದಸ್ಯರೊಡನೆ ಉದ್ಧಟತನದಿಂದ ವರ್ತಿಸುವುದರಿಂದ ಕೆಲಸದಿಂದ ತೆಗೆಯುವ ಬಗ್ಗೆ' ಎಂದು ವಿಷಯ ಬರೆಸಿದವರು ನಾವೇ. ಆ ಅಜೆಂಡಾದ ಪ್ರತಿ ಈಗಲೂ ಕಪಾಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಸಭೆಯ ಹಿಂದಿನ ಸಂಜೆ ಅವನು ನಮ್ಮ ಮನೆಗೆ ಬಂದ. ಕೈ ಜೋಡಿಸಿ ಕೆಲಸ ಉಳಿಸಿರಿ ಅನ್ನಲು ಬಂದಾನ ಎಂದು ನಾವು ಗತ್ತಿನಿಂದ ಕುಳಿತೆವು. ಅವನು ಕಟ್ಟೆಯ ಮೇಲೆ ಸಹ ಕೂಡಲಿಲ್ಲ. ನೇರ ಗೋದಲಿಯ ಕಡೆ ಹೋಗಿ, "ಎಮ್ಮಿಗೇನರ ಜಡ್ಡು ಆಗೇತೇನು ನೋಡಾಕ ಬಂದೆ ಅಣ್ಣಾರ. ಕೆಚ್ಚಲು ಬಾತ್ರೂ ಹಾಲು ತಿಳಿ ಆಕ್ಕೈತಿ" ಅಂದ. ಅವನಿಗೆ ನೀರಿನ ಸಂಗತಿ ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು. ನಮ್ಮ ಮರ್ಯಾದೆ ಉಳಿಯಲು ಒಂದು ದಾರಿ ಮಾಡಿ ಕೊಟ್ಟು ಹೋದ, ಅಷ್ಟೇ. ಅಜೆಂಡಾದ ಮಾತೇ ಎತ್ತಲಿಲ್ಲ. ಮರುದಿನ ಆ ವಿಷಯವನ್ನು ನಾವೇ ಹಿಂದಕ್ಕೆ ತೆಗೆದುಕೊಂಡೆವು. ಕಾರಣ ಮಾತ್ರ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇವೆ.

ಮುಂಜಾನೆಯ ಹಾಲು ಮುಗಿದ ಮೇಲೆ ಸಂಜೆಯವರೆಗೆ ಅವನಿಗೆ ಬಿಡುವು. ಆ ಬಿಡುವಿನಲ್ಲಿ ಅವನು ಮಾಡುತ್ತಿದ್ದದ್ದು ಮಿರಜದ ದಾರಿ ತುಳಿಯುವ ಕೆಲಸ. ಯಾರದಾದರೂ ಮನೆಯಲ್ಲಿ ಜಡ್ಡು-ಜಾಪತ್ರಿ ಬಂದರೆ ಮೊದಲು ಡೇರಿಗೆ ಬಂದು ಇವನನ್ನು ಕೇಳುತ್ತಿದ್ದರು. ಯಾವ ದವಾಖಾನೆ, ಯಾವ ಬಾಗಿಲು, ಚೀಟಿ ಎಲ್ಲಿ ಮಾಡಿಸಬೇಕು, ಕಡಿಮೆ ದರದ ಔಷಧ ಎಲ್ಲಿ ಸಿಗುತ್ತದೆ, ಯೋಜನೆಯ ಕಾರ್ಡು ನಡೆಯುತ್ತದೋ ಇಲ್ಲವೋ, ಎಲ್ಲ ಅವನಿಗೆ ಪಾಠ. ಡಾಕ್ಟರರು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮುದುಕಿಯರಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಮುದುಕಿಯರು ನಾಚಿ ಹೇಳದೆ ಬಿಟ್ಟದ್ದನ್ನು ಡಾಕ್ಟರರಿಗೆ ಹೇಳುತ್ತಿದ್ದ. ಬಾವಿ ಓಣಿಯ ಆಯಿ ಕಣ್ಣಿನ ಆಪರೇಶನ್ ಆಗಿ ಪಟ್ಟಿ ಬಿಚ್ಚಿದಾಗ ಮೊದಲು ನೋಡಿದ್ದು ಇವನ ಮಾರಿ. "ಅಯ್ಯ, ನೀ ಇಷ್ಟ ಕರೇ ಅದೀಯೇನೋ!" ಅಂದಳಂತೆ. ಆ ಮಾತನ್ನು ಅವನೇ ಹೇಳಿ ಹೇಳಿ ನಗುತ್ತಿದ್ದ.

ಒಂದು ಕಬ್ಬಿನ ಹಂಗಾಮಿನಲ್ಲಿ ಬೀಡ ಕಡೆಯಿಂದ ಬಂದ ಗ್ಯಾಂಗಿನ ಹೆಣ್ಣುಮಗಳಿಗೆ ನಸುಕಿನಲ್ಲಿ ಹಾವು ಕಡಿಯಿತು. ಗ್ಯಾಂಗಿನವರು ಕಾಲಿಗೆ ಹಗ್ಗ ಬಿಗಿದು ಮಂತ್ರ ಹಾಕುವವನ ಕಡೆ ಹೊತ್ತುಕೊಂಡು ನಡೆದಿದ್ದರು. ಡೇರಿಯ ಬಾಗಿಲು ತೆಗೆಯುತ್ತಿದ್ದವನು ಇದನ್ನು ಕಂಡು, ಕೀಲಿಯನ್ನು ಸರದಿಯಲ್ಲಿ ನಿಂತಿದ್ದ ಒಬ್ಬರ ಕೈಗೆ ಕೊಟ್ಟು, ಆ ಹೆಣ್ಣುಮಗಳನ್ನು ಮೋಟರ ಸೈಕಲ್ಲಿನ ಮೇಲೆ ತನ್ನ ಮತ್ತು ಅವಳ ಗಂಡನ ನಡುವೆ ಕೂಡಿಸಿಕೊಂಡು ಹೊರಟ. "ಬಿಗಿದು ಕಟ್ಟಬ್ಯಾಡ್ರಿ, ನಡಸಬ್ಯಾಡ್ರಿ, ವ್ಯಾಳ್ಯಾ ಕಳೀಬ್ಯಾಡ್ರಿ" ಎಂದು ಕೂಗುತ್ತ ಹೋದದ್ದನ್ನು ಕೇಳಿದವರು ಇಲ್ಲಿದ್ದಾರೆ. ಅವಳು ಬದುಕಿದಳು. ಅಂದು ಡೇರಿ ಒಂದು ತಾಸು ತಡ ಆಯಿತು, ಕೆಲವರ ಹಾಲು ಒಡೆಯಿತು, ಅವರು ನಮ್ಮ ಮುಂದೆ ತಕರಾರು ಮಾಡಿದರು. ನಾವೂ ಅವನಿಗೆ ನಾಲ್ಕು ಮಾತು ಅಂದೆವು. ಮರುವರ್ಷ ಅದೇ ಗ್ಯಾಂಗು ಬಂದಾಗ ಆ ಹೆಣ್ಣುಮಗಳು ತಲೆಯ ಮೇಲೆ ಒಂದು ಪುಟ್ಟಿ ಸಜ್ಜೆ ಹೊತ್ತು ತಂದು ಅವನ ತಾಯಿಯ ಮುಂದೆ ಇಟ್ಟಳು.

2019 ರ ಅಗಸ್ಟಿನ ಮಹಾಪೂರ ಯಾರು ಮರೆತಾರು? ಕೃಷ್ಣಾ ದಂಡೆಯ ಜುಗೂಳ, ಮಂಗಾವತಿ, ಕೃಷ್ಣಾ ಕಿತ್ತೂರ, ಬಣಜವಾಡ ಎಲ್ಲ ನೀರಿನಲ್ಲಿ. ನಮ್ಮೂರ ಕೆಳಗಿನ ಓಣಿಗಳೂ ಮುಳುಗಿದವು. ದನಗಳನ್ನು ಟ್ರ್ಯಾಕ್ಟರಿನಲ್ಲಿ ದಿನ್ನೆಗೆ ಸಾಗಿಸಿದೆವು. ರಸ್ತೆ ಕಡಿದು ಒಕ್ಕೂಟದ ಗಾಡಿ ಬರದಾಯಿತು. ಹಿಂಡದೆ ಬಿಟ್ಟರೆ ಕೆಚ್ಚಲು ಬಾಯುತ್ತದೆ, ಹಿಂಡಿದರೆ ಹಾಲು ಎಲ್ಲಿ ಹಾಕುವುದು? ಅವನು ದಿನ್ನೆಯ ಶಾಲೆಯಲ್ಲಿ ಅಡಿಗೆಯ ದೊಡ್ಡ ಪಾತ್ರೆ ಇಡಿಸಿ, ಬಂದ ಹಾಲನ್ನೆಲ್ಲ ಅಳೆದು ವಹಿಯಲ್ಲಿ ಬರೆದುಕೊಂಡು, ಕಾಯಿಸಿ ನಿರಾಶ್ರಿತರ ಮಕ್ಕಳಿಗೆ ಹಂಚಿಸಿದ. "ಬಿಲ್ಲು ಯಾರು ಕೊಡಾವ್ರು?" ಎಂದು ನಾವು ಕೇಳಿದೆವು, ನಿರ್ದೇಶಕರಲ್ಲವೇ! "ಬರದಿಟ್ಟೇನ್ರಿ. ಕೊಡಾಕ ಆಗದಿದ್ರ ನೀವು ಹೊಡೀರಿ ಗೀಟು" ಅಂದ. ನೀರು ಇಳಿದ ಮೇಲೆ ಆ ವಹಿಯನ್ನು ಮಹಾಸಭೆಯಲ್ಲಿ ಓದಿದಾಗ ಹಾಲು ಹಾಕಿದವರೇ ಒಬ್ಬೊಬ್ಬರಾಗಿ ಎದ್ದು "ನಮ್ಮದು ಬ್ಯಾಡ್ರಿ" ಅಂದರು.

ಅವನಿಗೆ ರಜೆ ಎಂಬುದು ಇರಲಿಲ್ಲ. ಕ್ರಿಸ್ಮಸ್ ದಿನವೂ ನಸುಕಿನ ಐದಕ್ಕೆ ಡೇರಿ ತೆರೆದು, ಹಾಲು ಮುಗಿಸಿ, ಬಟ್ಟೆ ಬದಲಿಸಿ ಪ್ರಾರ್ಥನೆಗೆ ಹೋಗುತ್ತಿದ್ದ. ಸಂಜೆ ಬರುವಾಗ ತಾಯಿ ಮಾಡಿದ ಕರ್ಚಿಕಾಯಿ ಡಬ್ಬಿ ಅಳತೆಯ ಮೇಜಿನ ಮೇಲೆ ಇರುತ್ತಿತ್ತು. ಮೊದಮೊದಲು ಮಕ್ಕಳು ಮಾತ್ರ ತೆಗೆದುಕೊಳ್ಳುತ್ತಿದ್ದರು. ಕೊನೆಕೊನೆಗೆ ಡಬ್ಬಿ ನಮ್ಮ ಸರದಿ ಬರುವುದರೊಳಗೆ ಖಾಲಿ.

2020 ರ ಮಾರ್ಚ 25 ರಿಂದ ಲಾಕ್‌ಡೌನ್. ಎಲ್ಲ ಬಂದ್ ಆದರೂ ಹಾಲು ಬಂದ್ ಆಗಲಿಲ್ಲ, ದನಕ್ಕೆ ಲಾಕ್‌ಡೌನ್ ಇಲ್ಲ. ಹೊಟೇಲು, ಚಹಾದ ಅಂಗಡಿ ಮುಚ್ಚಿದ್ದರಿಂದ ಖಾಸಗಿ ಗಾಡಿಯವರು ಕೈ ಎತ್ತಿದರು. ಬಿಟ್ಟು ಹೋದವರೆಲ್ಲ ನಮ್ಮ ಬಾಗಿಲಿಗೇ ಬಂದರು. ಅವನು ಸುಣ್ಣದಲ್ಲಿ ಚೌಕು ಬರೆದು ಜನರನ್ನು ದೂರ ದೂರ ನಿಲ್ಲಿಸಿ ಎಲ್ಲರ ಹಾಲನ್ನೂ ತೆಗೆದುಕೊಂಡ. ಮರುವರ್ಷ ಎರಡನೆಯ ಅಲೆ ಬಂದಿತು. ಕಾಗವಾಡದಲ್ಲಿ ಚೆಕ್‌ಪೋಸ್ಟು, ಅತ್ತ ಕೊಗನೊಳಿಯಲ್ಲಿ ಚೆಕ್‌ಪೋಸ್ಟು. ನಮ್ಮ ಹಿತ್ತಲ ಬಾಗಿಲಿಗೆ ಕೀಲಿ ಬಿದ್ದ ಹಾಗಾಯಿತು. ರೋಗ ಬಂದ ಮನೆಗಳ ಮುಂದೆ ಪಟ್ಟಿ ಕಟ್ಟಿದ್ದರು, ಆ ಮನೆಯವರ ಹಾಲನ್ನು ತೆಗೆದುಕೊಳ್ಳುವಂತಿರಲಿಲ್ಲ. ವಾರದ ಬಿಲ್ಲಿನ ರೊಕ್ಕ ಮಾತ್ರ ಅವನೇ ಒಯ್ದು ಅವರ ಕಟ್ಟೆಯ ಮೇಲೆ ಕಲ್ಲಿನ ಕೆಳಗೆ ಇಟ್ಟು, ದೂರ ನಿಂತು ಕೂಗಿ ಹೇಳಿ ಬರುತ್ತಿದ್ದ.

ಮೇ ತಿಂಗಳ ನಡುವೆ ಅವನಿಗೆ ಜ್ವರ ಬಂತು. ಎರಡು ದಿವಸ ಯಾರಿಗೂ ಹೇಳಲಿಲ್ಲ, ಮೂರನೆಯ ದಿವಸ ಉಸಿರು ಕಟ್ಟತೊಡಗಿತು. ಊರ ಮಂದಿಗೆಲ್ಲ ದವಾಖಾನೆಯ ಬಾಗಿಲು ತೋರಿಸಿದವನಿಗೆ ಬೆಡ್ ಹುಡುಕಲು ನಾವು ಒಂದು ಹಗಲು ಒಂದು ರಾತ್ರಿ ಫೋನು ಹಿಡಿದು ಕುಳಿತೆವು. ಒಂದು ಕಡೆ ಆಕ್ಸಿಜನ್ ಇಲ್ಲ, ಇನ್ನೊಂದು ಕಡೆ ಜಾಗ ಇಲ್ಲ, ಮತ್ತೊಂದು ಕಡೆ ಗಡಿಯ ಕಾಗದ. ಕೊನೆಗೆ ಸಿಕ್ಕಿತು. ಸಿಕ್ಕ ನಾಲ್ಕನೆಯ ದಿನ ಹೋದ.

ಆಗಿನ ನಿಯಮ ತಮಗೆ ಗೊತ್ತು. ದೇಹವನ್ನು ಮನೆಗೆ ತರಲಿಲ್ಲ. ಅವರ ಒಂದು ಎಕರೆ ಹೊಲದ ಬದುವಿನಲ್ಲಿ, ಅಜ್ಜನ ಪಕ್ಕದಲ್ಲಿ, ಬಿಳಿ ಅಂಗಿ ತೊಟ್ಟ ನಾಲ್ಕು ಮಂದಿ, ದೂರದಲ್ಲಿ ಸಭಾಪಾಲಕರು, ತಾಯಿ. ನಾವು ನಮ್ಮ ಮಾಳಿಗೆಯ ಮೇಲೆ ನಿಂತು ನೋಡಿದೆವು. ನಮ್ಮಲ್ಲಿ ವೈರಿ ಸತ್ತರೂ ಮಣ್ಣಿಗೆ ಹೋಗುತ್ತೇವೆ, ಒಂದು ಹಿಡಿ ಮಣ್ಣು ಹಾಕಿ ಬರುತ್ತೇವೆ. ಇವನ ಮಣ್ಣಿಗೆ ಊರಿನವರು ಒಬ್ಬರೂ ಹೋಗಲಿಲ್ಲ. ನಿಯಮ ಇತ್ತು, ಖರೆ. ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಇತ್ತು ಎಂದು ನಮ್ಮನ್ನು ನಾವು ಇಂದಿಗೂ ಕೇಳಿಕೊಳ್ಳುತ್ತೇವೆ.

ಮರುದಿನ ಮುಂಜಾನೆ ಡೇರಿ ತೆರೆಯಬೇಕಾಯಿತು. ಕೀಲಿ ನಮ್ಮ ಕಡೆ ಇತ್ತು. ಮೇಜಿನ ಖಾನೆಯಲ್ಲಿ ಎರಡು ವಸ್ತು ಸಿಕ್ಕವು.

ಒಂದು, ಅವನು ಸಂಘಕ್ಕೆ ಕೊಟ್ಟ ಮೂರು ಅರ್ಜಿಗಳ ಪ್ರತಿ. ಕೆಲಸ ಖಾಯಂ ಮಾಡಿ ವಿಮೆ ಮಾಡಿಸಿರಿ ಎಂದು ಮೂರು ಸಲ ಕೇಳಿದ್ದ. ಮೂರರ ಮೇಲೂ 'ಮುಂದಿನ ಸಭೆಗೆ ಇಡುವುದು' ಎಂದು ಬರೆದಿತ್ತು. ಅಕ್ಷರ ನಮ್ಮ ಆಡಳಿತ ಮಂಡಳಿಯದು. ಹದಿಮೂರು ವರ್ಷ ಅವನು ತಾತ್ಪೂರ್ತಿಕ ನೌಕರನಾಗಿಯೇ ಉಳಿದ. ಸತ್ತಾಗ ಅವನ ತಾಯಿಗೆ ಕಾಯದೆ ಪ್ರಕಾರ ಬರಬೇಕಾದದ್ದು ಏನೂ ಇರಲಿಲ್ಲ. ಪಟ್ಟಿ ಎತ್ತಿ, ಸಂಘದ ನಿಧಿಯಿಂದ ಸ್ವಲ್ಪ ಸೇರಿಸಿ ಕೊಟ್ಟೆವು. 2022 ರ ಠರಾವಿನಿಂದ ಈಗಿನ ನೌಕರರಿಗೆ ವಿಮೆ ಆಗಿದೆ. ವರದಿಯಲ್ಲಿ ಅದನ್ನು ಸಾಧನೆ ಎಂದು ಓದಿದರು. ಅದು ಸಾಧನೆ ಅಲ್ಲ, ತಡವಾಗಿ ಕೊಟ್ಟ ಬಾಕಿ.

ಇನ್ನೊಂದು, ರಟ್ಟಿನ ಒಂದು ಸಣ್ಣ ವಹಿ. ಮಿರಜದ ಖರ್ಚಿನ ಲೆಕ್ಕ. ಬಸ್ಸಿಗೆ ಇಷ್ಟು, ಎಕ್ಸ್‌ರೇಗೆ ಇಷ್ಟು, ಗುಳಿಗೆಗೆ ಇಷ್ಟು. ರೋಗಿಗಳ ಕೈಯಲ್ಲಿ ರೊಕ್ಕ ಸಾಲದಾದಾಗ ತನ್ನ ಪಗಾರದಿಂದ ಹಾಕಿದ್ದು. ಆ ಪಗಾರ ಎಷ್ಟಿತ್ತು ಎಂಬುದು ಕೊಡುತ್ತಿದ್ದ ನಮಗೇ ಗೊತ್ತು. ಯಾರ ಹೆಸರನ್ನೂ ಬರೆದಿರಲಿಲ್ಲ. 'ಹುಣಸೀಗಿಡದ ಮನಿ', 'ಬಾವಿ ಓಣಿ ಆಯಿ', 'ಕೆಂಪು ಆಕಳ' ಎಂದು ಗುರುತು. ಬೇರೆಯವರ ಕೈಗೆ ವಹಿ ಸಿಕ್ಕರೂ ಯಾರ ಸಾಲ ಎಂದು ತಿಳಿಯಬಾರದು ಎಂದಿರಬೇಕು. ಕೊಟ್ಟವರ ಸಾಲಿಗೆ ಗೀಟು ಹೊಡೆದಿದ್ದ. ಹೊಡೆಯದ ಸಾಲುಗಳೇ ಹೆಚ್ಚು. ನಡುವೆ ಒಂದು ಕಡೆ, 'ವಾಪಸ್ ಹಾಲು – ಮಗಳ ಜ್ವರ – 2000'.

ನಾವು ಅಲ್ಲೇ ಕುಳಿತುಬಿಟ್ಟೆವು. 2016 ರ ಮಳೆಗಾಲದಲ್ಲಿ ನಮ್ಮ ಮಗಳಿಗೆ ಡೆಂಗಿ ಆಗಿ ಮಧ್ಯರಾತ್ರಿ ಮಿರಜಕ್ಕೆ ಒಯ್ದಾಗ, ಡಿಪಾಸಿಟ್ ಕಟ್ಟಲು ಜೇಬಿನಲ್ಲಿದ್ದದ್ದು ಸಾಲದೆ ಅವನೇ ಎರಡು ಸಾವಿರ ಕಟ್ಟಿದ್ದ. ಮಗಳು ಹುಷಾರಾದಳು, ಮನೆಗೆ ಬಂದಳು, ಶಾಲೆಗೆ ಹೋದಳು. ಐದು ವರ್ಷ ಆ ರೊಕ್ಕ ನಮಗೆ ನೆನಪೇ ಆಗಲಿಲ್ಲ. ದಿನಕ್ಕೆ ಎರಡು ಸಲ ಅವನ ಮುಂದೆ ನಿಲ್ಲುತ್ತಿದ್ದೆವು. ಅವನು ಒಂದು ಸಲವೂ ಕೇಳಲಿಲ್ಲ.

ವಹಿಯನ್ನು ಅವನ ತಾಯಿಗೆ ಒಪ್ಪಿಸಿ ಎರಡು ಸಾವಿರ ಮುಂದಿಟ್ಟೆವು. ಅವರಿಗೆ ಓದಲು ಬರುವುದಿಲ್ಲ. "ಇದು ಎದರದು?" ಎಂದು ಕೇಳಿದರು. ಹೇಳಿದೆವು. "ಅಂವ ಬರದಿದ್ರ ಖರೇನ ಇರತೈತಿ" ಎಂದು ಎಣಿಸಿ ತೆಗೆದುಕೊಂಡು, ಗೀಟು ನಮ್ಮ ಕೈಯಿಂದಲೇ ಹೊಡೆಸಿದರು. ವಸೂಲಿಗೆ ಯಾರನ್ನಾದರೂ ಕಳಿಸೋಣವೇ ಎಂದರೆ, "ಬ್ಯಾಡ್ರಿ. ಗುರತು ಅವರವರಿಗೆ ಗೊತ್ತಿರತೈತಿ" ಅಂದರು. ಆಮೇಲೆ ಒಬ್ಬೊಬ್ಬರಾಗಿ, ಹೆಚ್ಚಾಗಿ ಕತ್ತಲಾದ ಮೇಲೆ, ಅವರ ಮನೆಗೆ ಹೋಗಿ ಬಂದವರು ಇದ್ದಾರೆ. ಬಾವಿ ಓಣಿಯ ಆಯಿ ತನ್ನ ಪಿಂಚಣಿಯಿಂದ ಮೂರು ಕಂತಿನಲ್ಲಿ ಕೊಟ್ಟಳು. ಇನ್ನೂ ಕೆಲವು ಸಾಲು ಹಾಗೇ ಅದಾವೆ. ಯಾವ ಮನೆ ಎಂದು ನಾವು ಓದಿ ಹೇಳುವುದಿಲ್ಲ, ಅವನೇ ಹೇಳದ್ದನ್ನು ನಾವೇಕೆ ಹೇಳಬೇಕು?

ಕೊನೆಯದಾಗಿ ಒಂದು ವಿನಂತಿ. ಊಟ ಆದ ಮೇಲೆ ಆಡಳಿತ ಮಂಡಳಿಯವರೆಲ್ಲ ಆ ಹೊಲಕ್ಕೆ ಹೋಗಿ, ಅಂದು ಹಾಕದೆ ಬಿಟ್ಟ ಒಂದೊಂದು ಹಿಡಿ ಮಣ್ಣು ಹಾಕಿ ಬರಬೇಕೆಂದು ಮಾಡಿದ್ದೇವೆ. ತಾಯಿಯವರನ್ನು ಕೇಳಿದ್ದೇವೆ. "ಬರ್ರಿ. ಆದ್ರ ಸಂಜಿ ಹಾಲಿನ ಹೊತ್ತಿಗೆ ತಿರುಗಿ ಹೋಗ್ರಿ, ಡೇರಿ ತಡ ಆಗಬಾರದು" ಅಂದಿದ್ದಾರೆ. ಬರುವವರು ಬರಬಹುದು, ಒತ್ತಾಯ ಇಲ್ಲ. ನಿನ್ನೆ ಕಾಲುವೆಗೆ ನೀರು ಬಿಟ್ಟಿದ್ದರಿಂದ ಬದುವಿನ ದಾರಿ ಕೆಸರಾಗಿದೆ. ಕಬ್ಬಿನ ಗಾಡಿಯ ದಾರಿ ಹಿಡಿದು, ದೊಡ್ಡ ಬೇವಿನ ಗಿಡದ ಹತ್ತಿರ ಚಪ್ಪಲಿ ಬಿಟ್ಟು ಬರ್ರಿ.